ಭೂಪಟದ ಚುಕ್ಕಿ ನಂಬಬೇಡಿ

ಸಂಪಾದಕರೇ,

ವೆಬ್‌ಸೈಟ್ ನೋಡಿದವರು ಯಾವ ಊರಿನವರು ಅಂತ ಭೂಪಟದಲ್ಲಿ ಚುಕ್ಕಿ ಇಟ್ಟು ತೋರಿಸುತ್ತಾರಲ್ಲ, ಅದನ್ನು ಜಾಸ್ತಿ ನಂಬಬೇಡಿ. ನಾನು ತೀರ್ಥಹಳ್ಳಿಯಲ್ಲಿ ಕೂತು ಮೊಬೈಲ್‌ನಲ್ಲಿ ನೋಡಿದರೆ ನನ್ನ ಚುಕ್ಕಿ ಬೆಂಗಳೂರಿನಲ್ಲಿ, ಕೆಲವು ಸಲ ಚೆನ್ನೈನಲ್ಲಿ ಬೀಳುತ್ತದೆ. ಆ ಚುಕ್ಕಿ ಇಡುವುದು ಐಪಿ ವಿಳಾಸ, ಅಂದರೆ ನಮ್ಮ ಇಂಟರ್ನೆಟ್ ಸಂಪರ್ಕಕ್ಕೆ ಸಿಗುವ ಸಂಖ್ಯೆ, ನೋಡಿ; ಅದು ನಮ್ಮ ಮನೆ ವಿಳಾಸ ಅಲ್ಲವಲ್ಲ!

ನಗುವ ವಿಷಯ ಅನಿಸಬಹುದು. ಆದರೆ ಅಮೆರಿಕದ ಕಾನ್ಸಾಸ್‌ನ ಒಂದು ತೋಟದ ಮನೆಯವರನ್ನು ಕೇಳಿ. ಮ್ಯಾಕ್ಸ್‌ಮೈಂಡ್ ಎಂಬ, ಐಪಿ ವಿಳಾಸದಿಂದ ಜಾಗ ಅಂದಾಜಿಸುವ ಕಂಪನಿ, 'ಅಮೆರಿಕ' ಅನ್ನುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಐಪಿ ವಿಳಾಸಗಳನ್ನೆಲ್ಲ ದೇಶದ ನಡುಭಾಗ ಅಂತ ಸುಮ್ನೆ 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮಕ್ಕೆ ಹಾಕಿಬಿಟ್ಟಿತ್ತು. 60 ಕೋಟಿಗೂ ಹೆಚ್ಚು ವಿಳಾಸಗಳ ಚುಕ್ಕಿ ಈ ತೋಟದ ಮನೆಯ ಮೇಲೆ! ವಂಚಕರನ್ನು ಹುಡುಕುತ್ತಾ ಪೊಲೀಸರು ವರ್ಷಗಟ್ಟಲೆ ಅವರ ಬಾಗಿಲು ತಟ್ಟಿದರು, ಪಾಪ. 2016ರಲ್ಲಿ ಸುದ್ದಿಯಾದ ಮೇಲೆ ಕಂಪನಿ ಆ ಚುಕ್ಕಿಯನ್ನು ಹತ್ತಿರದ ಜಲಾಶಯದ ನೀರಿಗೆ ಸರಿಸಿತು.

— ಒಬ್ಬ ಓದುಗ, ತೀರ್ಥಹಳ್ಳಿ