ಎಡಿಸನ್‌ಗೆ ಮನೆ ಬದಲಿಸುತ್ತಿರುವ ಗೆಳೆಯನಿಗೆ

ಗೆಳೆಯಾ,

ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಭಾರತೀಯರ ಅಂಗಡಿಗಳೇ ತುಂಬಿರುವ ಓಕ್ ಟ್ರೀ ರಸ್ತೆಯ ಹತ್ತಿರವೇ ಮನೆ ಹಿಡಿದೆಯಂತೆ, ಸಂತೋಷ. ನಮ್ಮವರ ನಡುವೆ ಇದ್ದರೆ ಊಟ, ಆರೋಗ್ಯ ಎರಡೂ ನೆಟ್ಟಗಿರುತ್ತವೆ ಅಂತ ಬರೆದಿದ್ದೀಯ. ಅದು ಅರ್ಧ ನಿಜ. ಅಮೆರಿಕದ ಆರು ಕಡೆ ನಡೆದ ಮೆಸಾ ಹೃದಯ ಅಧ್ಯಯನದ 2009ರ ವರದಿಯೊಂದು ಇದನ್ನೇ ಕೆದಕಿತ್ತು. ವಲಸಿಗರು ಹೆಚ್ಚಿರುವ ಬಡಾವಣೆಗಳಲ್ಲಿ ಚೀನೀಯರೂ ಹಿಸ್ಪಾನಿಕರೂ (ಲ್ಯಾಟಿನ್ ಅಮೆರಿಕ ಮೂಲದವರು) ಕೊಬ್ಬಿನ ತಿನಿಸು ಕಡಿಮೆ ತಿನ್ನುತ್ತಿದ್ದರು. ಆದರೆ ಅಲ್ಲಿ ನಡೆದಾಡಲು ಅನುಕೂಲ ಸಾಲದು, ಹಿಸ್ಪಾನಿಕರ ಮೈ ಅಲುಗಾಟವೂ ಕಡಿಮೆ. ಭಾರತೀಯರು ಆ ಅಧ್ಯಯನದಲ್ಲಿ ಇರಲಿಲ್ಲ. ನಮ್ಮ ಅಡುಗೆಮನೆಯ ಲೆಕ್ಕ ನಾವೇ ಹಾಕಬೇಕು.

ಎಣ್ಣೆಯಿಂದ ಶುರುಮಾಡು. ಗ್ಯಾಲನ್ ಡಬ್ಬಿ ಅಂದರೆ 3.8 ಲೀಟರ್, ಸುಮಾರು ಮೂರೂವರೆ ಕಿಲೊ. ತಲಾ ದಿನಕ್ಕೆ 27 ಗ್ರಾಂ ಹಿಡಿದರೆ ಇಬ್ಬರಿಗೆ ಎರಡು ತಿಂಗಳು ಬರಬೇಕು. ಒಂದೇ ತಿಂಗಳಿಗೆ ಮುಗಿದರೆ ಒಬ್ಬೊಬ್ಬರಿಗೆ ದಿನಕ್ಕೆ 240ಕ್ಕೂ ಮೇಲೆ ಕ್ಯಾಲೊರಿ ಹೆಚ್ಚಾಯಿತು. ಡಬ್ಬಿ ತೆರೆದ ದಿನ ಅದರ ಮೇಲೆ ತಾರೀಖು ಬರೆದಿಡು, ಸಾಕು. ಅನ್ನ ಬಿಟ್ಟು ರಾಗಿಮುದ್ದೆ ಹಿಡಿದರೆ ತೂಕ ಇಳಿಯುತ್ತದೆ ಅನ್ನುವವರು ಅಲ್ಲಿಯೂ ಸಿಗುತ್ತಾರೆ. ರಾಗಿಯಲ್ಲಿ ನಾರು ಹೆಚ್ಚು, ನಿಜ. ಕ್ಯಾಲೊರಿ ಅಕ್ಕಿಗಿಂತ ಸ್ವಲ್ಪವಷ್ಟೇ ಕಡಿಮೆ. ಮುದ್ದೆಯ ಗಾತ್ರ ನೋಡಿಕೊ.

ನಿಜವಾದ ತೊಂದರೆ ಶನಿವಾರ ರಾತ್ರಿಯ ಪಾಟ್‌ಲಕ್, ಅಂದರೆ ಪ್ರತಿ ಮನೆಯವರೂ ಒಂದೊಂದು ತಿನಿಸು ತರುವ ಕೂಟದ ಊಟ. ಹತ್ತು ಮನೆಯವರು ಸೇರಿದರೆ ಹತ್ತೂ ಮನೆಯಿಂದ ಕರಿದದ್ದು, ಪನೀರು, ಸಿಹಿ. ಸೊಪ್ಪು ಒಯ್ದರೆ ಮರ್ಯಾದೆ ಕಡಿಮೆ ಅಂತ ಎಲ್ಲರ ಎಣಿಕೆ. ಒಂದೊಂದು ಚಮಚ ರುಚಿ ನೋಡಿದರೂ ತಟ್ಟೆ ತುಂಬುತ್ತದೆ, ಊಟ ಶುರುವಾಗುವುದು ಒಂಬತ್ತಕ್ಕೆ. ನೀನು ಹೆಸರುಬೇಳೆ ಕೋಸಂಬರಿ ಒಯ್ಯಿ. ಮೊದಲೇ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ, ಅದಕ್ಕೇ ಯಾರೂ ತರುವುದಿಲ್ಲ. ಉಪ್ಪು, ನಿಂಬೆರಸ ಬೇರೆ ಡಬ್ಬಿಯಲ್ಲಿಟ್ಟುಕೊಂಡು ಬಡಿಸುವಾಗ ಕಲಸು.

ಇನ್ನೊಂದು ಮೋಸವಿದೆ: ಸುತ್ತ ಎಲ್ಲರಿಗೂ ಅಷ್ಟೇ ಹೊಟ್ಟೆ ಇದ್ದಾಗ ನಿನ್ನದು ಕಣ್ಣಿಗೆ ಬೀಳುವುದಿಲ್ಲ. ಟೇಪ್ ಹಿಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯ, ಉಸಿರು ಬಿಟ್ಟ ಮೇಲೆ ಅಳೆ; ಬೆಲ್ಟ್ ಕಟ್ಟುವ ಜಾಗದಲ್ಲಿ ಅಳೆದರೆ ಸುಳ್ಳು ಲೆಕ್ಕ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಮಿತಿ. ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 25ರವರೆಗೂ ಸರಿ ಅಂತ ಅಲ್ಲಿನ ಸಾಮಾನ್ಯ ಪಟ್ಟಿ ಹೇಳುತ್ತದೆ. ಆದರೆ ಏಷ್ಯಾ ಮೂಲದವರಿಗೆ 23ಕ್ಕೇ ಸಕ್ಕರೆ ಪರೀಕ್ಷೆ ಮಾಡಿ ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದ ಹೇಳುತ್ತಿದೆ. 170 ಸೆಂ.ಮೀ. ಎತ್ತರಕ್ಕೆ ಅದು ಸುಮಾರು 66.5 ಕಿಲೊ. ಡಾಕ್ಟರ್ ತಾವಾಗಿ ಬರೆಯದಿದ್ದರೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ) ನೀನೇ ಕೇಳು, ಶೇಕಡಾ 5.7 ಮುಟ್ಟಿದರೆ ಎಚ್ಚರ.

ನಡಿಗೆಗೆ ರೂಸ್‌ವೆಲ್ಟ್ ಪಾರ್ಕ್ ಇದೆ. ಹಿಮ ಬಿದ್ದಾಗ ಪಕ್ಕದ ಮೆನ್ಲೊ ಪಾರ್ಕ್ ಮಾಲ್ ಒಳಗೇ ಸುತ್ತು ಹಾಕು, ಫುಡ್ ಕೋರ್ಟ್ ಕಡೆ ತಿರುಗಬೇಡ.

ಇಂತಿ ನಿನ್ನ ಗೆಳೆಯ