ಮೊದಲ ರಬ್ಬರ್ ಹಚ್ಚಿ ನೋಡ್ರಿ, ಆಮ್ಯಾಲೆ ಫಾರ್ಮ್ಯಾಟ್

ಸಂಪಾದಕರಿಗೆ ನಮಸ್ಕಾರ್ರೀ,

ನಾವು ಧಾರವಾಡದ ಸಪ್ತಾಪುರದಾವ್ರು. ಮನ್ಯಾಗ ಒಂದು ಹಳೇ ಅಸೆಂಬಲ್ಡ್ ಕಂಪ್ಯೂಟರ್ ಐತಿ, ಅದರಾಗ ನಮ್ಮಾಕಿ ತಮ್ಮ ಸ್ವಸಹಾಯ ಸಂಘದ ಲೆಕ್ಕ ಇಡ್ತಾಳ, ನಾನು ಅರ್ಜಿ ಗಿರ್ಜಿ ಟೈಪ್ ಮಾಡ್ತೀನಿ. ಜಿಟಿಜಿಟಿ ಮಳಿ ಹತ್ತಿದ್ದ ತಡ ಅದಕ್ಕ ಏನಾತೋ, ಕೆಲಸ ಮಾಡ್ಕೋತ ಇದ್ದಾಂಗ ನಿಂತಲ್ಲೇ ನಿಲ್ಲಾಕ ಹತ್ತಿತು. ಮೌಸ್ ಅಳ್ಳಾಡಂಗಿಲ್ಲ, ಕ್ಯಾಪ್ಸ್ ಲಾಕ್ ಒತ್ತಿದ್ರ ಅದರ ಲೈಟ್ ಸೈತ ಹತ್ತಂಗಿಲ್ಲ, ಬಟನ್ ಒತ್ತಿ ಹಿಡಿದು ಬಂದ್ ಮಾಡಿ ಮತ್ತ ಚಾಲೂ ಮಾಡಿದ್ರ ಫ್ಯಾನ್ ತಿರುಗತೈತಿ, ಒಳಗಿಂದ ಬೀಪ್ ಬೀಪ್ ಅಂತ ಹೊಯ್ಕೊಂತೈತಿ, ಪರದೆ ಮಾತ್ರ ಕರ್ರಗ.

ಹುಬ್ಬಳ್ಳಿಗೆ ಹೊತಗೊಂಡು ಹೋಗಿ ಒಂದು ಅಂಗಡ್ಯಾಗ ತೋರಿಸಿದೆ. ಅವ್ರು ಕ್ಯಾಬಿನೆಟ್ ಬಿಚ್ಚೂ ಮೊದಲ, "ವಿಂಡೋಸ್ 10 ಬಂದ್ ಆತಲ್ರೀ ಸರ್, ಅದಕ್ಕ ಹ್ಯಾಂಗ್ ಆಗ್ತೈತಿ, ಫಾರ್ಮ್ಯಾಟ್ ಮಾಡೂಣು" ಅಂದ್ರು. ಫಾರ್ಮ್ಯಾಟ್ ಅಂದ್ರ ಡಿಸ್ಕ್‌ನಾಗಿಂದೆಲ್ಲಾ ಅಳಿಸಿ ವಿಂಡೋಸ್ ಹೊಸದಾಗಿ ಹಾಕೂದು. ಹೂಂ ಅಂದು ಬಂದೆ, ಅದು ನನ್ನ ತಪ್ಪು. ವಿಂಡೋಸ್ 10ಕ್ಕ 2025ರ ಅಕ್ಟೋಬರ್ 14ಕ್ಕ ಸಪೋರ್ಟ್ ಮುಗಿದದ್ದು ಖರೇ, ಆದ್ರ ಅದರ ಅರ್ಥ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ಬರಂಗಿಲ್ಲ ಅಂತ, ಮಷೀನ್ ಚಾಲೂ ಆಗಂಗಿಲ್ಲ ಅಂತ ಅಲ್ಲ. ವಿಂಡೋಸ್ ಚಿತ್ರ ಬರೂಕಿಂತ ಮೊದಲ ಬೀಪ್ ಹೊಡದು ನಿಂತ್ರ ಅದು ಯಂತ್ರದ ರೋಗ. ಆ ಹೊತ್ತಿಗೆ ವಿಂಡೋಸ್ ಇನ್ನೂ ಎದ್ದಿರಂಗೇ ಇಲ್ಲ, ಮಲಗಿದಾವನ ಮ್ಯಾಲೆ ಏನ್ ತಪ್ಪು ಹೊರಸ್ತೀರಿ?

ಮಷೀನ್ ಮನಿಗೆ ಬಂದು ನಾಲ್ಕ ದಿನಕ್ಕ ಮತ್ತ ಅದೇ ಹಾಡು. ಅಷ್ಟರಾಗ ಸಿ ಡ್ರೈವ್, ಡಿ ಡ್ರೈವ್ ಎರಡೂ ಖಾಲಿ. ಪೆನ್‌ಡ್ರೈವ್‌ನಾಗ ಉಳಿದಿದ್ದ ಒಂದೆರಡು ಫೈಲ್ ತೆಗದ್ರ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರಿ ಏನೇನೋ ಕಾಣತಾವ, ಯಾಕಂದ್ರ ಕನ್ನಡ ಟೈಪ್ ಮಾಡೂ ಹಳೇ ನುಡಿ ಫಾಂಟೂ ಫಾರ್ಮ್ಯಾಟ್ ಕೂಡ ಹೋಗಿತ್ತು. ನುಡಿ ಮತ್ತ ಹಾಕಿದ ಮ್ಯಾಲೆ ಕನ್ನಡ ಆದ್ವು ಅನ್ನೂದೊಂದು ಸಮಾಧಾನ.

ಕಡೀಕ ಓಣ್ಯಾಗಿನ ಪಾಲಿಟೆಕ್ನಿಕ್ ಹುಡುಗ ಬಂದ. ಮೊದಲ ಕ್ಯಾಬಿನೆಟ್‌ಗೆ ಟೆಸ್ಟರ್ ಹಚ್ಚಿದ, ಟೆಸ್ಟರ್ ದೀಪ ಮಿಣುಕಿತು. ಮುಟ್ಟಿದ್ರ ಕೈ ಜುಂ ಅಂತಿದ್ದದ್ದು ನಮಗ ರೂಢಿಯಾಗಿ ಬಿಟ್ಟಿತ್ರೀ! ಪ್ಲಗ್ಗಿಗೆ ಮೂರು ಕಾಲು ಅದಾವ, ಗ್ವಾಡಿ ಒಳಗ ಅರ್ಥಿಂಗ್ ವಯರೇ ಇಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತ ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಖಾಲಿ ಮಾಡಿ, ಆಮ್ಯಾಲೆ ಬಾಗಲಾ ಬಿಚ್ಚಿದ. ಪ್ರೊಸೆಸರ್ ಫ್ಯಾನ್ ಸಂದ್ಯಾಗ ಧೂಳು ಕಂಬಳಿ ಹೊಚ್ಚಿಕೊಂಡು ಕುಂತಿತ್ತು, ಮೂಲ್ಯಾಗ ಎರಡು ಹಲ್ಲಿ ತತ್ತಿ. ರ‍್ಯಾಮ್ ಪಟ್ಟಿ (ಕಂಪ್ಯೂಟರ್ ಕೆಲಸ ಮಾಡೂ ಹೊತ್ತಿನ್ಯಾಗ ಬಳಸೂ ನೆನಪಿನ ಪಟ್ಟಿ) ಕಿತ್ತು ಬೆಳಕಿಗೆ ಹಿಡಿದ, ಬಂಗಾರದಂಗ ಹೊಳಿಬೇಕಾದ ಹಲ್ಲು ಮಬ್ಬಾಗಿ ಕಂದಿದ್ವು. ನಮ್ಮ ಮೊಮ್ಮಗಳ ಕಂಪಾಸ್‌ನಾಗಿನ ಬಿಳಿ ರಬ್ಬರ್ ತಗೊಂಡು ಮೆಲ್ಲಕ ತಿಕ್ಕಿ, ಪುಡಿ ಝಾಡಿಸಿ, ಟಕ್ ಅಂತ ಕೂರಿಸಿದ. ಒಂದೇ ಬೀಪ್, ಪರದೆ ಬಂತು.

ಆದ್ರ ತಾರೀಖು 2010 ತೋರಸ್ತಿತ್ತು. ಅದಕ್ಕ ಬ್ರೌಸರ್ ಸೈಟ್ ಸುರಕ್ಷಿತ ಇಲ್ಲ ಅಂತ ಜಗಳಾ ತಗೀತಿತ್ತಂತ. ಮದರ್‌ಬೋರ್ಡ್ (ಒಳಗಿನ ಮುಖ್ಯ ಹಲಗಿ) ಮ್ಯಾಲೆ, ಮಷೀನ್ ಬಂದ್ ಇದ್ದಾಗ ತಾರೀಖು ನಡಸೂ ನಾಣ್ಯದಂಥಾ ಸೆಲ್ ಸತ್ತಿತ್ತು, ಸಿಆರ್ 2032. ಆ ಅಂಕಿಗೂ ಅರ್ಥ ಐತಿ ನೋಡ್ರಿ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಗಡಿಯಾರ ರಿಪೇರಿ ಅಂಗಡ್ಯಾಗ ಸಿಕ್ತು. ಪವರ್ ಸಪ್ಲೈ ಡಬ್ಬಿ ಮಾತ್ರ ಅವ ಮುಟ್ಟಲಿಲ್ಲ, ಪ್ಲಗ್ ಕಿತ್ತ ಮ್ಯಾಲೂ ಅದರಾಗ ಕರೆಂಟ್ ಕುಂತಿರತೈತಿ, ಅದನ್ನ ಯಾರೂ ಮನ್ಯಾಗ ಬಿಚ್ಚಬ್ಯಾಡ್ರಿ. ಅರ್ಥಿಂಗ್ ಎಲೆಕ್ಟ್ರಿಷಿಯನ್‌ಗೆ ಹೇಳಿ ಹೊಸಾದ ಮಾಡಿಸಿದ್ವಿ.

2016ಕ್ಕ ಐಐಟಿ ಬಂದ ಊರು ನಮ್ಮದು, ಆದ್ರೂ ಕಂಪ್ಯೂಟರ್ ಕೆಟ್ರ ಫಾರ್ಮ್ಯಾಟ್ ಬಿಟ್ಟು ಬ್ಯಾರೆ ಔಷಧ ಇಲ್ಲ ಅಂದ್ರ ಹೆಂಗ್ರೀ? ಎಲ್ಲಾ ಅಂಗಡಿಯವ್ರೂ ಹಿಂಗ ಅಂತ ನಾ ಅನ್ನಂಗಿಲ್ಲ. ಆದ್ರ ಹಾರ್ಡ್ ಡಿಸ್ಕ್ ಬಿಚ್ಚಿ ಒಂದು ಯುಎಸ್‌ಬಿ ಕೇಬಲ್‌ಲೆ ಬ್ಯಾರೆ ಮಷೀನ್‌ಗೆ ಹಚ್ಚಿ ಫೈಲ್ ಕಾಪಿ ಮಾಡ್ಕೊಳ್ಳೂದು ದೊಡ್ಡ ವಿದ್ಯೆ ಅಲ್ಲ. ಡಿಸ್ಕ್ ಟಿಕ್ ಟಿಕ್ ಅಂತ ಸಪ್ಪಳ ಮಾಡಾಕ ಹತ್ತಿದ್ರಂತೂ ಮತ್ತ ಮತ್ತ ಚಾಲೂ ಮಾಡಿ ನೋಡದ ಮೊದಲ ಅದನ್ನ ಮಾಡ್ಬೇಕು. ಫಾರ್ಮ್ಯಾಟ್ ಮಾಡೂ ಮುಂಚೆ ಚೀಟಿ ಮ್ಯಾಲೆ ಗಿರಾಕಿ ಸಹಿ ತಗೋರಿ, ಏನರೆ ಬದಲಿಸಿದ್ರ ಹಳೇ ಪಾರ್ಟ್ ವಾಪಸ್ ಕೊಡ್ರಿ, ಇಷ್ಟ ಕೇಳೂದು ನಾವು. ನಿಮ್ಮ ಪತ್ರಿಕೆಯವ್ರು ವಾರಕ್ಕೊಮ್ಮೆ ಅರ್ಧ ಕಾಲಂ ಇದಕ್ಕ ಬಿಟ್ರ ಛಲೋ ಆಗತೈತಿ, ರಾಶಿ ಭವಿಷ್ಯದ ಬಾಜೂಕ ಆದ್ರೂ ನಡೀತೈತಿ.

ಮಷೀನ್ ಈಗ ಆರಾಮ ಐತಿ. ನಮ್ಮಾಕಿ ಮಾತ್ರ ಸಂಘದ ಹೆಣ್ಮಕ್ಕಳ ಪಾಸ್‌ಬುಕ್ ಎಲ್ಲಾ ತರಿಸಿ ಪಡಸಾಲ್ಯಾಗ ಹರವಿಕೊಂಡು, ಮೂರು ವರ್ಷದ ಲೆಕ್ಕ ಮೊದಲಿಂದ ಬರ್ಯಾಕ ಹತ್ಯಾಳ.

— ಒಬ್ಬ ಓದುಗ, ಧಾರವಾಡ