ಈ ಸಲದ ತೆನೆ

ಮಾರಾಯಾ,

ಫೋನ್ ಮಾಡಿದರೆ ಯಾವಾಗಲೂ ಮೀಟಿಂಗ್ ಅನ್ನುತ್ತೀಯ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ, ನಾಲ್ಕು ಜನ ನೋಡುವಾಗಲಾದರೂ ಉತ್ತರ ಕೊಡುವೆಯಲ್ಲ. ಸಾಂತ್‌ಮಾರಿಯ ಜಾತ್ರೆಯ ಬಲೂನಿನ ಕತೆ ಎತ್ತುವುದಿಲ್ಲ, ಹೆದರಬೇಡ.

ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಕಾರ್ಕಳದ ಅತ್ತೂರಿಗೆ ಹೋಗಿದ್ದೆ. ನಿನಗೆ ನಮ್ಮ ಇಗರ್ಜಿ (ಚರ್ಚು) ಅಂದರೆ ಜನವರಿಯ ಜಾತ್ರೆ, ಮೇಣದಬತ್ತಿ, ಚುರುಮುರಿ. ಸೆಪ್ಟೆಂಬರಿನ ಅತ್ತೂರು ಬೇರೆಯೇ. ಒಂಬತ್ತು ದಿನ ಮಕ್ಕಳು ಸಿಕ್ಕಸಿಕ್ಕ ಅಂಗಳದ ಹೂವು ಕಿತ್ತು ತಂದು ಪುಟ್ಟ ಮರಿಯಮ್ಮನ ಮುಂದೆ ಸುರಿಯುತ್ತಾರೆ. ಸೆಪ್ಟೆಂಬರ್ 8ಕ್ಕೆ ಹೊಸ ತೆನೆಯ ಆಶೀರ್ವಾದ. ಮನೆಗಿಷ್ಟು ತೆನೆ, ಮಕ್ಕಳಿಗೆ ಕಬ್ಬು. ಆ ಭತ್ತ ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿಗೆ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಚಮಚ. ಆಮೇಲೆ ಬಾಳೆಲೆ ಊಟ. ಅವತ್ತು ಮೀನೂ ಇಲ್ಲ! ನಿಮ್ಮ ಮನೆಯಲ್ಲಿ ತೆನೆ ಕಟ್ಟಿ ಹೊಸಕ್ಕಿ ಉಣ್ಣುತ್ತೀರಲ್ಲ, ಅದೇ. ಫರಂಗಿಪೇಟೆಯ ಬೆಟ್ಟದಲ್ಲಿ 1763ರಲ್ಲಿ ಗೋವಾದ ಪಾದ್ರಿ ಜೋಕಿಂ ಮಿರಾಂದಾ ಶುರು ಮಾಡಿದ ಹಬ್ಬ ಅಂತ ನಾನು ಜಂಬ ಕೊಚ್ಚಿದ್ದಕ್ಕೆ ನಿನ್ನಜ್ಜಿ, "ಪಾದ್ರಿಗೆ ಮೊದಲು ಭತ್ತ ಬೆಳೀತಿರಲಿಲ್ವಾ?" ಅಂದಿದ್ದರು. ಇವತ್ತಿಗೂ ಉತ್ತರ ಹೊಳೆದಿಲ್ಲ.

ಪೂಜೆ ಶುರುವಾಗುವ ಮೊದಲು ಅಜ್ಜ ಹೇಳುತ್ತಿದ್ದ ಕತೆ ತಲೆಗೆ ಬಂತು. ಅತ್ತೂರಿನ ಮೊದಲ ಇಗರ್ಜಿ 1759ರದ್ದು. 1784ರಲ್ಲಿ ಟಿಪ್ಪುವಿನ ಸೈನಿಕರು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಬದುಕಿ ಉಳಿದವರು ವಾಪಸಾದದ್ದು 1799ರ ನಂತರ. ಎಷ್ಟೋ ಗದ್ದೆಗಳಲ್ಲಿ ಬೇರೆಯವರ ನೇಗಿಲು ಓಡುತ್ತಿತ್ತು. ಆಮೇಲಿನದು ಸಂತ ಲಾರೆನ್ಸರ ಒಂದೂವರೆ ಅಡಿಯ ಮರದ ಮೂರ್ತಿಯ ಕತೆ. ಹೊಸ ಇಗರ್ಜಿಗೆ ಜಾಗ ಹುಡುಕುತ್ತಾ ಮೂರ್ತಿ ಹೊತ್ತು ಬಂದ ಪಾದ್ರಿ ನೀರಿನ ಒರತೆಯ ಹತ್ತಿರ ಇಳಿಸಿ ಕೂತರಂತೆ. ಮತ್ತೆ ಎತ್ತಿದರೆ ಬರಲೇ ಇಲ್ಲ. ಇಲ್ಲೇ ಇಗರ್ಜಿ ಕಟ್ಟುತ್ತೇನೆ ಅಂತ ಹರಕೆ ಹೊತ್ತ ಮೇಲೆ ಹಗುರಾಯಿತಂತೆ. 2016ರಲ್ಲಿ ಬೆಸಿಲಿಕ ಅನ್ನುವ ಗೌರವದ ಪಟ್ಟ ಸಿಕ್ಕಿದರೂ ಅಮ್ಮನಿಗೆ ಅದು ಬರೀ "ಇಗರ್ಜಿ"ಯೇ.

ಪ್ರತಿವರ್ಷ ನಮ್ಮ ಗದ್ದೆಯಿಂದ ಅಪ್ಪ ಒಂದು ಕಟ್ಟು ತೆನೆ ಕೊಡುತ್ತಿದ್ದರು. ಬೆಳಗಿನ ನಾಲ್ಕಕ್ಕೆ ಟಾರ್ಚ್ ಹಿಡಿದು ತಾವೇ ಕೊಯ್ದು. ಈ ಸಲದ ಕಟ್ಟನ್ನು ನಾನು ದುಡ್ಡು ಕೊಟ್ಟು ತಂದೆ. ಗದ್ದೆ ಇಲ್ಲ. ಮಣ್ಣು ತುಂಬಿಸಿ ಅಡಿಕೆ ಹಾಕಿಸಿದವನು ನಾನೇ. ಕೆಲಸಕ್ಕೆ ಜನ ಸಿಗೋದಿಲ್ಲ, ನವಿಲಿನ ಕಾಟ, ಎಕರೆಗೆ ಇಷ್ಟು ಅಂತ ಎಕ್ಸೆಲ್ ಹಾಳೆ ಕಳಿಸಿದ್ದೆ. ಅಪ್ಪ ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಅಜ್ಜನ ಕತೆಯಲ್ಲಿ ಗದ್ದೆ ಹೋಗಬೇಕಾದರೆ ದಂಡು ಬರಬೇಕಿತ್ತು.

ಅಪ್ಪ ಪೂಜೆಗೆ ಬರಲಿಲ್ಲ. ಮಂಡಿನೋವು ಅಂದರು. ಮರುದಿನ ಅದೇ ಮಂಡಿ ಹಾಕಿಕೊಂಡು ಗುಡ್ಡ ಹತ್ತಿ ಸೊಪ್ಪು ತಂದರು.

ಇನ್ನೊಂದು. ನಾನು ಬೆಂಗಳೂರಿಗೆ ಬಂದಾಗಿನಿಂದ ಹೊಸಕ್ಕಿಯ ಪುಡಿಯನ್ನು ಅಪ್ಪ ಲಕೋಟೆಯಲ್ಲಿ ಹಾಕಿ ಕಳಿಸುತ್ತಿದ್ದರು. ಗಲ್ಫಿನಲ್ಲಿರುವ ಮಕ್ಕಳಿಗೆ ನಮ್ಮವರು ಕಳಿಸುತ್ತಾರಲ್ಲ, ಹಾಗೆ. ಹಬ್ಬದ ರಾತ್ರಿ ಫೋನಿನಲ್ಲಿ "ತಿಂದ್ಯಾ?" ಅನ್ನುವರು. "ತಿಂದೆ ಅಪ್ಪ." ಮೊನ್ನೆ ಮನೆ ಬದಲಿಸುವಾಗ ಡ್ರಾಯರಿನಲ್ಲಿ ನಾಲ್ಕು ಲಕೋಟೆ ಸಿಕ್ಕಿದವು. ಒಂದನ್ನೂ ಒಡೆದಿರಲಿಲ್ಲ. ಪುಡಿಗೆ ಹುಳ ಬಿದ್ದಿತ್ತು. ಎಸೆಯಲೂ ಆಗಲಿಲ್ಲ, ಇಟ್ಟುಕೊಳ್ಳಲೂ ಆಗಲಿಲ್ಲ.

ಛೆ, ಇದನ್ನೆಲ್ಲ ಬರೆಯುವ ಯೋಚನೆ ಇರಲಿಲ್ಲ. ಅಮ್ಮ ಇದನ್ನು ಓದುವುದಿಲ್ಲ ಅಂದುಕೊಂಡಿದ್ದೇನೆ. ಚಿಕ್ಕಮ್ಮ ಓದುತ್ತಾರೆ. ಚಿಕ್ಕಮ್ಮಾ, ದಯವಿಟ್ಟು ಸುಮ್ನಿರಿ.

ನೀನು ನಗುವ ವಿಷಯವೊಂದಿದೆ. ಊರಿಂದ ಹೊರಡುವಾಗ ಕಾರು ತಿರುಗಿಸಲು ಹೋಗಿ ತೋಟದ ಅಂಚಿನಲ್ಲಿ ಹೂತುಹೋಯಿತು. ನಾನೇ ತುಂಬಿಸಿದ ಮಣ್ಣು! ಎಷ್ಟು ತಳ್ಳಿದರೂ ಅಲುಗಲಿಲ್ಲ. ತಮ್ಮ ಕೊಡೆ ಹಿಡಿದು ನಿಂತು, "ಇಲ್ಲೇ ಇಗರ್ಜಿ ಕಟ್ಟುತ್ತೇನೆ ಅಂತ ಹರಕೆ ಹೇಳು, ಹಗುರಾಗ್ತದೆ" ಅಂದ. ಅಪ್ಪ ಒಳಗಿಂದ ಹಲಗೆ ತಂದು ಚಕ್ರದ ಅಡಿಗೆ ಕೊಟ್ಟರು. ಮಂಡಿ ಊರಿಯೇ.

ಬಲೂನಿನ ದುಡ್ಡು ಇನ್ನೂ ಬಾಕಿ ಇದೆ, ನೆನಪಿರಲಿ.

ನಿನ್ನ,
ಲೊಟ್ಟೆ ಪಾದ್ರಿ